ಸಾಹೇಬರ ಕಾಲ ಕೆಳಗಿನ ಕಂಬಳಿ

ರಜೆಯನ್ನು ಕೊಡುವವನು ದೇವರೋ ಸರ್ಕಾರವೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ದೇವರು ಕೊಟ್ಟದ್ದಾಗಿದ್ದರೆ ಕೊಟ್ಟದ್ದನ್ನು ಆತ ಇಷ್ಟು ಸುಲಭವಾಗಿ ಹಿಂದಕ್ಕೆ ಕೇಳುತ್ತಿರಲಿಲ್ಲ. ಆದ್ದರಿಂದ ಸರ್ಕಾರದ್ದೇ ಇರಬೇಕು. ಸರ್ಕಾರವಾದರೆ ಚಪರಾಸಿಯ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿ, ಕೊಟ್ಟ ರಜೆಯನ್ನು ಎರವಲು ಪಾತ್ರೆಯ ಹಾಗೆ ವಾಪಸು ತರಿಸಿಕೊಳ್ಳಬಲ್ಲದು. ಇದನ್ನು ನಗುತ್ತಾ ಬರೆಯಬೇಕೆಂದು ಕುಳಿತವನು ನಾನು. ಆದರೆ ನನ್ನ ಎರಡೂ ಕಾಲುಗಳು ಈಗ ಕುರ್ಚಿಯ ಮೇಲೆಯೇ ಇವೆ. ಮೇಜಿನ ಕೆಳಗೆ ಕಾಲು ಬಿಟ್ಟು ಕೂರುವ ಅಭ್ಯಾಸ ಆ ಶುಕ್ರವಾರದಿಂದ ತಪ್ಪಿಹೋಗಿದೆ. ಊಟದ ನಡುವೆ ಆ ಮೇಜು ನೆನಪಾದರೆ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯುತ್ತದೆ.

ನಮ್ಮ ಕಡೆ ನವಾಬರ ಸರ್ಕಾರ, ಆದ್ದರಿಂದ ವಾರದ ಸೂಟಿ ಶುಕ್ರವಾರ, ಅಂದರೆ ಜುಮ್ಮಾ. ಗಂಡಸರು ಎಣ್ಣೆನೀರು ಹಾಕಿಕೊಳ್ಳಬೇಕಾದದ್ದು ಶನಿವಾರ. ಆದರೆ ಶನಿವಾರ ಶಾಲೆಯಿರುವುದರಿಂದ ನಾನು ಶನಿದೇವರ ಕೈಕಾಲು ಹಿಡಿದು, ಒಂದು ದಿನ ಮೊದಲೇ ತಲೆಗೆ ಔಡಲೆಣ್ಣೆ ತಿಕ್ಕಿಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದೆ. ಊರಿನ ಹೆಸರು ಬೇಡ, ಹೇಳಿದರೆ ನಮ್ಮ ಹೆಡ್‌ಮಾಸ್ತರರು ಬೇಸರಪಟ್ಟುಕೊಳ್ಳುತ್ತಾರೆ. ಗಂಗಾವತಿಯಿಂದ ಇರಕಲ್ಲಗಡದ ಕಡೆ ಬರುವಾಗ ಬಂಡೆಗಳನ್ನು ಯಾರೋ ಸುರಿದು ಮರೆತುಹೋದಂತಿರುವ ಗುಡ್ಡಗಳಿವೆಯಲ್ಲ, ಅಂಥದೊಂದು ಗುಡ್ಡದ ಬೆನ್ನಿಗೆ ನಮ್ಮ ಶಾಲೆ. ನಾನು ಆಗ ಅಲ್ಲಿ ಹಂಗಾಮಿ ಮಾಸ್ತರ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಬಂದವನಾದರೂ ನೌಕರಿ ಮಾತ್ರ ಹಂಗಾಮಿ. ಕುಷ್ಟಗಿಯಲ್ಲಿರುವ ನಮ್ಮವ್ವ ಊರಿಗೆ ಹೋದಾಗಲೆಲ್ಲ, ನೀರು ಕೊಡುವ ಮೊದಲೇ, "ಖಾಯಂ ಆತೇನಪಾ?" ಎಂದು ಕೇಳುತ್ತಿದ್ದಳು. ತಂದೆ ಹೋದಮೇಲೆ ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಉಣ್ಣುವವಳು ಅವಳು. ನಾನು ಖಾಯಂ ಆದರೆ ನನ್ನ ಜೊತೆ ಬಂದು ಇರಬಹುದಿತ್ತು. ಖಾಯಂ ಆಗಲು ಬೇಕಾದದ್ದು ತಪಾಸಣೆಗೆ ಬರುವ ಸಾಹೇಬರ ಒಂದು ಸಹಿ.

ಆ ಶುಕ್ರವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಅದು ಕಿವಿಯವರೆಗೆ ಇಳಿಯುವ ಸುಖದಲ್ಲಿ ಕುಳಿತಿದ್ದಾಗ ನಮ್ಮ ಶಾಲೆಯ ಚಪರಾಸಿ ಇಮಾಮಸಾಬ ಬಂದ.

"ಮಾಸ್ತರ, ಲಗೂನ ಬರ್ರಿ. ಸಾಹೇಬ್ರು ಬರಾಕತ್ತಾರ. ಮೀಟಿಂಗ್ ಐತಂತ."

"ಇವತ್ತ ಜುಮ್ಮಾ ಅಲ್ಲೇನೋ?"

"ಜುಮ್ಮಾ ಅಂತ ನೀವು ನನಗ ಹೇಳ್ತೀರೇನ್ರಿ? ನಮಾಜಿಗೆ ಹೋಗಾಂವ ನಾನು. ಬ್ಯಾರೆ ದಿನ ಮೀಟಿಂಗ್ ಇಟ್ರ ಸಾಲಿಗೆ ಅಡ್ಡಿ ಆಗ್ತೈತಂತ, ಅದಕ್ಕ ಸೂಟಿ ದಿನಾನ ಇಟ್ಟಾರ."

"ತಲಿಗೆ ಎಣ್ಣಿ ಹಚ್ಚೀನಪಾ."

"ಟೋಪಿ ಹಾಕ್ಕೊರಿ. ಸಾಹೇಬ್ರು ಟೋಪಿ ನೋಡ್ತಾರ, ತಲಿ ನೋಡಂಗಿಲ್ಲ."

ಟೋಪಿ ಹಾಕಿಕೊಂಡು ಹೊರಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸಾಹೇಬರಿಗೆ ಒಂದು ಮಾತು ಹೇಳುತ್ತಿದ್ದೆ: "ಸಾಹೇಬ್ರ, ಇವತ್ತ ಸೂಟಿ. ಸೂಟಿ ದಿನ ಕರಿಯೋದು ನ್ಯಾಯ ಅಲ್ಲ. ನಾ ಹೊಂಟೆ." ಹೇಳುತ್ತಾ ಹೇಳುತ್ತಾ ಮಾತಿಗೆ ಒಳ್ಳೆಯ ಹದ ಬಂತು. ಶಾಲೆಯ ಮೆಟ್ಟಿಲು ಕಂಡೊಡನೆ ಎಂದಿನಂತೆ ಅದನ್ನು ನುಂಗಿಕೊಂಡೆ.

ಒಳಗೆ ನಮ್ಮ ಹೆಡ್‌ಮಾಸ್ತರರ ಸಿದ್ಧತೆಯೆಲ್ಲ ಮುಗಿದಿತ್ತು. ಸಾಹೇಬರು ಬರುವ ಸುದ್ದಿ ಅವರಿಗೆ ಹಿಂದಿನ ದಿನವೇ ಗೊತ್ತಿತ್ತು. ನಮಗೆ ಹೇಳಿದರೆ ಊರು ಬಿಡುತ್ತೇವೆಂದು ಹೇಳಿರಲಿಲ್ಲ. ಗುರುವಾರ ಸಂಜೆಯೇ ನೆಲ ಸಾರಿಸಿ, ಒಣಗಲೆಂದು ಗುಡ್ಡದ ಕಡೆಯ ಹಿಂಬಾಗಿಲನ್ನು ರಾತ್ರಿಯೆಲ್ಲ ತೆರೆದಿಡಿಸಿದ್ದರು. ಎರಡು ಮೇಜು ಜೋಡಿಸಿದ್ದರು. ಒಂದಕ್ಕೆ ಗೆದ್ದಲು ಹಿಡಿದಿತ್ತು, ಇನ್ನೊಂದರ ಕಾಲಿಗೆ ಇಟ್ಟಿಗೆ ಕೊಟ್ಟಿದ್ದರು. ಈ ಅವಮಾನ ಸಾಹೇಬರ ಕಣ್ಣಿಗೆ ಬೀಳದಂತೆ ಮೇಲೊಂದು ಜಮಖಾನ ಹೊದಿಸಿ, ನಾಲ್ಕೂ ಕಡೆ ನೆಲ ಮುಟ್ಟುವಂತೆ ಇಳಿಬಿಟ್ಟಿದ್ದರು. ಯುದ್ಧದ ದಿನಗಳು, ಸಕ್ಕರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಆದ್ದರಿಂದ ಅವರ ಮನೆಯವರು ಬೆಲ್ಲ ಹಾಕಿ ಶೇಂಗಾ ಉಂಡಿ ಕಟ್ಟಿದ್ದರು. ಸಾಹೇಬರು ಹಸಿವಿನ ಸುಳಿವು ಕೊಟ್ಟೊಡನೆ ತೆಗೆದು ಕೊಡಲು ಅನುಕೂಲವೆಂದು ಆ ಉಂಡಿಯ ಬುಟ್ಟಿಯನ್ನು ಸಂಜೆಯೇ ಮೇಜಿನ ಕೆಳಗೆ ಇರಿಸಿದ್ದರು. ಬೆಳಿಗ್ಗೆ ಇಮಾಮಸಾಬ ಬಂದು ಹಿಂಬಾಗಿಲು ಮುಚ್ಚಿ ಅಗಳಿ ಹಾಕಿದ. ಜಮಖಾನ ಎತ್ತಿ ನೋಡುವ ಕೆಲಸವನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಕರಡಿಯ ವಿಷಯ ಇಲ್ಲಿ ಹೇಳಿಬಿಡಬೇಕು. ನಮ್ಮ ಗುಡ್ಡದಲ್ಲಿ ಕರಡಿಗಳಿವೆ. ಬೆಲ್ಲವೆಂದರೆ ಅವಕ್ಕೆ ಪ್ರಾಣ, ಎಣ್ಣೆಯೆಂದರೆ ಅದಕ್ಕಿಂತ ಹೆಚ್ಚು. ಗುಡ್ಡದ ಹನುಮಪ್ಪನ ಗುಡಿಗೆ ಬಂದು ದೀಪದೊಳಗಿನ ಎಣ್ಣೆ ನೆಕ್ಕಿ ಹೋಗುವುದು ಊರಿಗೆಲ್ಲ ಗೊತ್ತು. ಕಟ್ಟಿಗೆ ಮಾರುವ ದುರುಗಪ್ಪನಿಗೆ ಅಂಥದೊಂದು ಎದುರಾಗಿ ಅವನ ಬಲಗೆನ್ನೆಯನ್ನೂ ಒಂದು ಕಣ್ಣನ್ನೂ ಒಯ್ದಿದೆ. ಅಂದಿನಿಂದ ಆತ ಯಾರೊಡನೆ ಮಾತಾಡಿದರೂ ಎಡಗೆನ್ನೆ ಕೊಟ್ಟೇ ಮಾತಾಡುತ್ತಾನೆ. ಆ ಇನ್ನೊಂದು ಕೆನ್ನೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಸಾಹೇಬರು ಬಂದರು, ಮೇಜಿನ ತಲೆಯ ಕಡೆ ಕುಳಿತರು. "ನನ್ನ ಮಾತು ಮುಗಿಯೋ ತನಕ ಯಾರೂ ಬಾಯಿ ತಗೀಬಾರದು, ಯಾರೂ ಏಳಬಾರದು. ಅದಕ್ಕ ಶಿಸ್ತು ಅಂತಾರ" ಎಂದು ಶುರುಮಾಡಿದರು. ಅಂದಿನ ವಿಷಯ ರಜಾ ದಿನಗಳ ಸದುಪಯೋಗ. ಮಾತು ಆರಂಭವಾಗುತ್ತಿದ್ದಂತೆ ಒಂದು ವಾಸನೆ ಮೂಗಿಗೆ ಹತ್ತಿತು. ಒದ್ದೆ ಗೋಣಿ, ಹಳೆಯ ತುಪ್ಪ, ಸತ್ತ ಇಲಿ ಮೂರೂ ಕೂಡಿ ಸಂಸಾರ ಹೂಡಿದಂಥ ವಾಸನೆ. ಎಲ್ಲರಿಗೂ ಬಂದಿತ್ತು. ಆದರೆ ಸಾಹೇಬರು ಪೆಟ್ಟಿಗೆಯಿಂದ ತೆಗೆದ ಶೇರವಾನಿ ಹಾಕಿದ್ದರು, ಹಾಗಾಗಿ ಅದು ಅವರದೇ ಎಂದು ನಾವು ಗೌರವದಿಂದ ಸುಮ್ಮನಿದ್ದೆವು. ಸಾಹೇಬರು ನನ್ನ ಟೋಪಿಯ ಕಡೆ ನೋಡಿ ಮೂಗಿಗೆ ಕರವಸ್ತ್ರ ಹಿಡಿದರು. ಅವರದೂ ಸಭ್ಯತೆಯೇ.

ಆಮೇಲೆ ಗೊರಕೆ ಕೇಳಿಸಿತು. ನನ್ನ ಪಕ್ಕದಲ್ಲಿದ್ದ ಗುರುಪಾದಯ್ಯ ಮಾಸ್ತರರು ವಯಸ್ಸಾದವರು, ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ವಿದ್ಯೆ ಕಲಿತವರು. ಅವರ ಮರ್ಯಾದೆ ಉಳಿಸೋಣವೆಂದು ಮೊಣಕೈಯಿಂದ ಮೆಲ್ಲಗೆ ತಿವಿದೆ. ಅವರು ನನ್ನ ಕಿವಿಯಲ್ಲಿ, "ನಾನಲ್ಲಪಾ. ನಾ ಇನ್ನೂ ಮಲಗಿಲ್ಲ" ಎಂದರು. ಹಾಗಾದರೆ ಗೊರಕೆ ಎಲ್ಲಿಂದ? ತರ್ಕಶಾಸ್ತ್ರ ಓದಿದವನಲ್ಲವೆ, ಕೆಳಗಿನಿಂದ ಎಂಬ ನಿರ್ಣಯಕ್ಕೆ ಬಂದೆ. ಜಮಖಾನದ ಅಂಚನ್ನು ಎರಡು ಬೆರಳಿನಿಂದ ಎತ್ತಿದೆ.

ಬರಿದಾದ ಬುಟ್ಟಿ. ಅದರ ಪಕ್ಕದಲ್ಲಿ ಒಂದು ಪಂಜ, ಬೆರಳಿಗಿಂತ ಉದ್ದದ ಉಗುರುಗಳು. ಅದರಾಚೆ ಕಪ್ಪು ಕೂದಲಿನ ಗುಡ್ಡೆಯೊಂದು ಏರುತ್ತಿತ್ತು, ಇಳಿಯುತ್ತಿತ್ತು.

ನಾನು ಏನು ಮಾಡಿದೆನೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು, ನನಗಂತೂ ಇನ್ನೂ ಆಗುತ್ತಿದೆ. ಜಮಖಾನವನ್ನು ಮೆಲ್ಲಗೆ ಕೆಳಗೆ ಬಿಟ್ಟೆ. ಅಂಚು ಸೊಟ್ಟಗಾಗಿತ್ತು, ನೆಟ್ಟಗೆ ಮಾಡಿದೆ. ಸಾಹೇಬರು ನನ್ನ ಕಡೆ ನೋಡುತ್ತಿದ್ದರು, "ಹೌದ್ರಿ" ಎಂದು ತಲೆಯಾಡಿಸಿದೆ. ಸಹಿ ಮಾಡುವ ಪೆನ್ನು ಅವರ ಕಿಸೆಯಲ್ಲಿತ್ತು. ಬಾಯಿ ತೆಗೆದರೆ ಶಿಸ್ತು ಕೆಡುತ್ತಿತ್ತು, ತೆಗೆಯದಿದ್ದರೆ ಮುಖವೇ ಹೋಗುತ್ತಿತ್ತು. ಇವೆರಡನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಾ ಕುಳಿತೆ. ತೂಗಲು ಏನಿತ್ತು ಎಂದು ಈಗ ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತೇನೆ. ಆಗ ಮಾತ್ರ ಎರಡೂ ತಟ್ಟೆ ಸಮನಾಗಿದ್ದವು.

ಕೊನೆಗೆ ಗುರುಪಾದಯ್ಯನವರ ಕಿವಿಯಲ್ಲಿ, "ಮೇಜಿನ ಕೆಳಗ ಕರಡಿ ಐತ್ರಿ" ಎಂದೆ.

ಅವರು ಸಾಹೇಬರ ಮೇಲಿಟ್ಟ ಕಣ್ಣು ತೆಗೆಯದೆ, "ಮಲಗೇತೇನು?" ಎಂದರು.

"ಮಲಗೇತ್ರಿ."

"ಪುಣ್ಯವಂತ. ಸೂಟಿ ಅದಕ್ಕರ ಸಿಕ್ಕೇತಿ." ಹೀಗೆಂದು ಎರಡೂ ಕಾಲನ್ನು ಮೆಲ್ಲಗೆ ಕುರ್ಚಿಯ ಮೇಲೆ ಎಳೆದುಕೊಂಡರು.  ಸುದ್ದಿ ಆಚೆಯ ಇಬ್ಬರು ಮಾಸ್ತರರಿಗೂ ಪಿಸುಮಾತಿನಲ್ಲಿ ಮುಟ್ಟಿತು. ಒಬ್ಬೊಬ್ಬರಾಗಿ ಕಾಲುಗಳು ಮೇಲೆ ಬಂದವು. ಸಾಹೇಬರ ಪಕ್ಕದಲ್ಲಿದ್ದ ಹೆಡ್‌ಮಾಸ್ತರರಿಗೆ ಮಾತ್ರ ಮುಟ್ಟಿಸುವಂತಿರಲಿಲ್ಲ.

"ಇದೇನು, ಪುರಾಣ ಕೇಳಾಕ ಕುಂತಂಗ ಕುಂತೀರಿ?" ಎಂದರು ಸಾಹೇಬರು. ಆದರೆ ಸಿಟ್ಟಾಗಲಿಲ್ಲ, ನಮ್ಮ ಭಕ್ತಿ ಅವರಿಗೆ ಹಿಡಿಸಿರಬೇಕು. ಅವರೂ ಬೂಟು ಕಳಚಿ ಹಾಯಾಗಿ ಕಾಲು ಚಾಚಿದರು. ಚಾಚಿದ್ದು ಮೇಜಿನ ಕೆಳಗೆ. ಒಂದು ಗಳಿಗೆ ಅವರ ಮುಖದ ಮೇಲೆ ಯಾವ ಅಧಿಕಾರಿಯ ಮುಖದಲ್ಲೂ ನಾನು ಕಾಣದ ಒಂದು ಪ್ರಸನ್ನತೆ ಮೂಡಿತು.

"ಹೆಡ್‌ಮಾಸ್ತರ, ಕಂಬಳಿ ಭಾಳ ಛಲೋ ಹಾಸೀರಿ. ಬೆಚ್ಚಗ ಐತಿ. ಕಾಲಿಗೆ ಹಿತ ಅನ್ನಸ್ತೈತಿ."

ಹೆಡ್‌ಮಾಸ್ತರರು ಯಾವ ಕಂಬಳಿಯನ್ನೂ ಹಾಸಿರಲಿಲ್ಲ. ಆದರೆ ಬಂದ ಹೊಗಳಿಕೆಯನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವ ಸ್ವಭಾವ ಅವರದಲ್ಲ. "ತಮ್ಮ ಸಲುವಾಗೇ ಯಲಬುರ್ಗಾದಿಂದ ತರಿಸೀನ್ರಿ, ಸಾಹೇಬ್ರ" ಎಂದರು.

"ಕೂದಲು ಸ್ವಲ್ಪ ಉದ್ದ ಐತಿ."

"ಈಗ ಹಂಗ ನೇಯಾಕತ್ತಾರ್ರಿ."

ಸಾಹೇಬರು ರಜೆಯ ಸದುಪಯೋಗವನ್ನು ವಿವರಿಸುತ್ತಾ ಅಂಗಾಲನ್ನು ಆ ಕಂಬಳಿಗೆ ತಿಕ್ಕತೊಡಗಿದರು. ನಮ್ಮ ನಾಲ್ವರ ಉಸಿರು ಆ ಕಾಲಿನ ಜೊತೆಗೇ ಹೋಗಿ ಬರುತ್ತಿತ್ತು. ಹೀಗಿರುವಾಗ ಗೊರಕೆ ನಿಂತಿತು. ಅದು ಕೇಳುತ್ತಿದ್ದಾಗ ಆದ ಭಯ ಏನೂ ಅಲ್ಲ, ನಿಂತಾಗ ಆದದ್ದು ಭಯ. ಕೆಳಗಿನಿಂದ ಮೂಗು ಎಳೆಯುವ ಸದ್ದು ಬಂತು. ಒಮ್ಮೆ, ಮತ್ತೊಮ್ಮೆ, ಎರಡನೆಯದು ನನ್ನ ಕಡೆಗೆ. ಅದೇ ಹೊತ್ತಿಗೆ ಟೋಪಿಯ ಕೆಳಗಿನಿಂದ ಔಡಲೆಣ್ಣೆಯ ಒಂದು ಹನಿ ಇಳಿದು ಕೊರಳಿನ ಮೇಲೆ ಹರಿಯಿತು. ಆ ಕೋಣೆಯಲ್ಲಿ ಗುಡಿಯ ದೀಪಕ್ಕೆ ಸಮನಾದದ್ದು ಯಾವುದಾದರೂ ಇದ್ದರೆ ಅದು ನನ್ನ ತಲೆ ಎಂಬುದು ಆಗ ಹೊಳೆಯಿತು.

ಕರಡಿ ಎಂದು ಕೂಗುವಂತಿರಲಿಲ್ಲ, ಕೂಗಿದರೆ ಸಾಹೇಬರು ಕಾಲು ಝಾಡಿಸುತ್ತಿದ್ದರು. ಸದ್ದಿಲ್ಲದೆ ಎಲ್ಲರೂ ಹೊರಗೆ ಹೋಗಬೇಕು, ಸಾಹೇಬರೂ ತಾವಾಗಿಯೇ ಎದ್ದು ಬರಬೇಕು. ಬೆಳಗಿನಿಂದ ಗಂಟಲಿನಲ್ಲಿ ಸಿಕ್ಕಿಕೊಂಡಿದ್ದ ಮಾತೊಂದೇ ನಾಲಿಗೆಗೆ ಸಿದ್ಧವಾಗಿತ್ತು. ಎದ್ದು ನಿಂತೆ. ಮೆಲುದನಿಯಲ್ಲಿ, "ಸಾಹೇಬ್ರ, ಇವತ್ತ ಸೂಟಿ. ಸೂಟಿ ದಿನ ಕರಿಯೋದು ನ್ಯಾಯ ಅಲ್ಲ. ನಾ ಹೊಂಟೆ" ಎಂದು ಬಾಗಿಲ ಕಡೆ ನಡೆದೆ.

ನನ್ನ ಹಿಂದೆಯೇ ಗುರುಪಾದಯ್ಯನವರು, ಅವರ ಹಿಂದೆ ಉಳಿದಿಬ್ಬರು, ಬರಿಗಾಲಿನಲ್ಲಿ, ಒಂದು ಮಾತಿಲ್ಲದೆ. ಶಾಲೆಯ ಮಾಸ್ತರರೆಲ್ಲ ಹೀಗೆ ಒಗ್ಗಟ್ಟಾಗಿ ಎದ್ದದ್ದನ್ನು ಸಾಹೇಬರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲವೆಂದು ತೋರುತ್ತದೆ. ಕುರ್ಚಿ ಬಿಟ್ಟು ಎದ್ದರು. ಆಮೇಲೆ, "ನಿಮಗ ಯಾರು ಕಲಿಸ್ಯಾರ ಇದನ್ನ? ನೀವು ಹಂಗಾಮಿ ಅದೀರಿ, ನೆನಪೈತೇನು?" ಎನ್ನುತ್ತಾ ನನ್ನ ಬೆನ್ನು ಹತ್ತಿ ಪಡಸಾಲೆಗೆ ಬಂದರು. ಹಿಂದೆ ಹೆಡ್‌ಮಾಸ್ತರರು ಕೈಮುಗಿದುಕೊಂಡು ಬಂದರು. ಎಲ್ಲರೂ ಹೊರಗಾದರು. 

ಆಗ ಸಾಹೇಬರು ತಮ್ಮ ಕಾಲು ನೋಡಿಕೊಂಡರು. ಬೂಟಿರಲಿಲ್ಲ. "ಬೂಟು ಹಾಕ್ಕೊಂಡು ಬಂದು ಮಾತಾಡ್ತೀನಿ" ಎಂದು ಒಳಗೆ ತಿರುಗಿದರು. ನಾನು ಅವರ ಶೇರವಾನಿಯ ಚುಂಗು ಹಿಡಿದುಕೊಂಡೆ.

"ಬಿಡ್ರಿ."

"ಹೋಗಬ್ಯಾಡ್ರಿ, ಸಾಹೇಬ್ರ. ಅದು ಕಂಬಳಿ ಅಲ್ಲ."

"ಮತ್ತೇನು?"

ನಾನು ಉತ್ತರ ಹೇಳುವ ಮೊದಲೇ ಒಳಗೆ ಮೇಜು ಎದ್ದು ನಿಂತಿತು. ಒಂದು ಕಡೆ ವಾಲಿತು, ಇಟ್ಟಿಗೆ ಉರುಳಿತು. ಜಮಖಾನ ಹೊದ್ದುಕೊಂಡ ಒಂದು ಆಕಾರ ಹಿಂಬಾಗಿಲಿಗೆ ಹೋಗಿ ಗುದ್ದಿತು. ಅಗಳಿ ಹಾಕಿತ್ತು. ತಿರುಗಿತು. ತೆರೆದಿದ್ದ ಬಾಗಿಲು ಒಂದೇ, ಅದರಲ್ಲಿ ನಾವಿದ್ದೆವು. ಗೋಡೆಗೆ ಸುಣ್ಣ ಬಳಿದಂತೆ ಎಲ್ಲರೂ ಗೋಡೆಗೆ ಅಂಟಿಕೊಂಡೆವು. ಅದು ಹೊಸ್ತಿಲು ದಾಟಿ ಪಡಸಾಲೆಗೆ ಬಂತು. ಸಾಹೇಬರನ್ನು ನೋಡಲಿಲ್ಲ, ಹೆಡ್‌ಮಾಸ್ತರರನ್ನು ನೋಡಲಿಲ್ಲ. ನನ್ನೆದುರು ನಿಂತು, ಹಿಂಗಾಲಿನ ಮೇಲೆ ಎದ್ದು, ನನ್ನ ತಲೆಯ ಕಡೆ ಮೂತಿ ಚಾಚಿತು. ಅದರ ಉಸಿರಿನಲ್ಲಿ ಶೇಂಗಾ ಉಂಡಿಯ ವಾಸನೆ ಇತ್ತು.

ನಾನು ಧೈರ್ಯದಿಂದ ಟೋಪಿ ತೆಗೆದು ಅಂಗಳಕ್ಕೆ ಬೀಸಿ ಒಗೆದೆ ಎಂದು ಊರಲ್ಲಿ ಹೇಳುತ್ತಾರೆ. ನಾನೂ ಅಲ್ಲವೆಂದು ಯಾರಿಗೂ ಹೇಳಿಲ್ಲ. ನಿಜವೆಂದರೆ ನಾನು ನಡುಗುತ್ತಿದ್ದೆ, ತಲೆ ಎಣ್ಣೆಯಾಗಿತ್ತು, ಟೋಪಿ ಜಾರಿತು. ಮೆಟ್ಟಿಲ ಮೇಲೆ ಬಿದ್ದು ಅಂಗಳಕ್ಕೆ ಉರುಳಿತು. ಕರಡಿ ಇಳಿದು ಅದನ್ನು ಮೂಸಿತು, ಬಾಯಲ್ಲಿ ಕಚ್ಚಿಕೊಂಡಿತು, ಜಮಖಾನವನ್ನು ಅಲ್ಲೇ ಕಳಚಿ ಗುಡ್ಡದ ಕಡೆ ನಡೆಯಿತು. ಓಡಲೂ ಇಲ್ಲ. ಮೀಟಿಂಗ್ ಮುಗಿಸಿ ಮನೆಗೆ ಹೋಗುವವರು ಹೋಗುವ ಹಾಗೆ ಹೋಯಿತು.

ಸಾಹೇಬರು ಕಟ್ಟೆಯ ಮೇಲೆ ಕುಳಿತು ತಮ್ಮ ಅಂಗಾಲನ್ನು ಬಹಳ ಹೊತ್ತು ನೋಡಿಕೊಂಡರು. ಎರಡು ತಂಬಿಗೆ ನೀರು ಕುಡಿದರು. ಆಮೇಲೆ ನನ್ನನ್ನು ಕರೆದು, "ನೀವು ಒಳಗ ಅಂದ್ರಲ್ಲ, ಸೂಟಿ ದಿನ ಕರಿಯೋದು ನ್ಯಾಯ ಅಲ್ಲ ಅಂತ. ಅದು ಕರಡಿ ಸಲುವಾಗಿ ಅಂದದ್ದೋ, ಮನಸಿನಾಗ ಇದ್ದದ್ದೋ?" ಎಂದು ಕೇಳಿದರು.

ಕುಷ್ಟಗಿಯಲ್ಲಿ ಅವ್ವ ಕಣ್ಣ ಮುಂದೆ ಬಂದಳು. "ಕರಡಿ ಸಲುವಾಗೇ ರೀ" ಎಂದೆ. ಅವರು ಪೆನ್ನು ತೆಗೆದರು. ಸಹಿ ಸೊಟ್ಟಗೆ ಬಂತು, ಖಾಯಂ ಮಾತ್ರ ನೆಟ್ಟಗೇ ಆಯಿತು. ಹೋಗುವಾಗ ಹೆಡ್‌ಮಾಸ್ತರರಿಗೆ, "ವಿಷಯ ಅರ್ಧಕ್ಕ ನಿಂತೈತಿ. ಬರೋ ಜುಮ್ಮಾಕ್ಕ ಮುಗಸೋಣ" ಎಂದರು.

ಸಂಜೆ ಕಟ್ಟಿಗೆ ದುರುಗಪ್ಪ ನನ್ನ ಮನೆ ಹುಡುಕಿಕೊಂಡು ಬಂದ. ಎಂದೂ ತೋರಿಸದ ಬಲಗೆನ್ನೆಯನ್ನು ನನ್ನ ಕಡೆ ತಿರುಗಿಸಿ ನಿಂತು, "ಒಂದು ಟೋಪಿಗೆ ಮುಗೀತು ನಿಮ್ದು, ಮಾಸ್ತರ" ಎಂದ. ಅಷ್ಟೇ ಅಂದು ಹೋದ. 

ಅವ್ವ ಈಗ ನನ್ನ ಜೊತೆಗಿದ್ದಾಳೆ. ಮುಂದಿನ ಶುಕ್ರವಾರ ಬೆಳಿಗ್ಗೆ ಇಮಾಮಸಾಬ ಬಂದು ಕರೆದಾಗ ನಾನು ತಲೆಗೆ ಎಣ್ಣೆ ಹಚ್ಚಿರಲಿಲ್ಲ. ಖಾಯಂ ಆದವನು, ಇನ್ನು ಯಾರ ಹೆದರಿಕೆ ಎಂದುಕೊಂಡೆ. ದಾರಿಯಲ್ಲಿ ಆ ಮಾತನ್ನು ಇನ್ನೊಮ್ಮೆ ಹದಮಾಡಿಕೊಂಡೆ, ಮೆಟ್ಟಿಲು ಕಂಡೊಡನೆ ನುಂಗಿಕೊಂಡೆ. ಎಲ್ಲರಿಗಿಂತ ಮೊದಲೇ ಒಳಗೆ ಹೋಗಿ ಜಮಖಾನ ಎತ್ತಿ ನೋಡಿದೆ. ಹೆಡ್‌ಮಾಸ್ತರರು ಈ ಸಲ ನಿಜವಾಗಿಯೂ ಒಂದು ಕಂಬಳಿ ಹಾಸಿಸಿದ್ದರು. ಬಾಗಿಲ ಕಡೆ ಒಂದು ಕಣ್ಣಿಟ್ಟು ಕಾಲಿನ ಹೆಬ್ಬೆರಳಿನಿಂದ ಒತ್ತಿದೆ. ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದೆ. ನುಂಗಿದ ಮಾತು ಹೊರಡಲು ಈ ಸಲ ನೆಪವಿಲ್ಲವೆಂದು ಸ್ವಲ್ಪ ನಿರಾಶೆಯಾಯಿತು.