ಬಾಮೈದನ ಲೆಗ್ ಬೈ

ಆಡಲು ಬಾರದವರಿಗೆ ಕ್ರಿಕೆಟ್ಟಿನಲ್ಲಿ ಎರಡೇ ಜಾಗ. ಬಿಸಿಲಲ್ಲಿ ನಿಲ್ಲುವ ಶಕ್ತಿಯಿದ್ದರೆ ಅಂಪೈರ್, ಇಲ್ಲದಿದ್ದರೆ ಸ್ಕೋರರ್. ನನ್ನ ಅಕ್ಷರ ದುಂಡಗೆ, ಹೊಟ್ಟೆಯೂ ಹಾಗೇ. ಹೀಗಾಗಿ ತೊಂಬತ್ತರ ದಶಕದಲ್ಲಿ ನಮ್ಮ ಮರಳೂರಿನ ತಂಡ ಎಲ್ಲಿಗೆ ಆಡಲು ಹೋದರೂ ಸ್ಕೋರ್ ಪುಸ್ತಕ ನನ್ನ ಕಂಕುಳಲ್ಲೇ ಇರುತ್ತಿತ್ತು. ಉಳಿದವರು ಬಿಸಿಲಲ್ಲಿ ಒಣಗುವಾಗ ನಾನು ನೆರಳಲ್ಲಿ ಮಜ್ಜಿಗೆ ಕುಡಿಯುತ್ತಾ ಅವರ ಹಣೆಬರಹ ಬರೆಯುತ್ತಿದ್ದೆ. ಬ್ರಹ್ಮನೂ ಇದೇ ಕೆಲಸದವನೇ. ಆದರೆ ಅವನ ಬಾಮೈದ ಮನೆಗೆ ಬಂದು, ಬರೆದದ್ದನ್ನು ತಿದ್ದು ಅಂತ ಕೂರುವುದಿಲ್ಲ.

ನನ್ನ ಬಾಮೈದ ರಮೇಶ ಕೂತ. ಇವನು ನನ್ನ ಹೆಂಡತಿ ಸರೋಜಳ ಒಬ್ಬನೇ ತಮ್ಮ. ಗುಬ್ಬಿಯಲ್ಲಿ ನಡೆದ ಮ್ಯಾಚಿನಲ್ಲಿ ಅವನಿಗೆ ಬಂದ ಮೊದಲ ಚೆಂಡು ಬ್ಯಾಟನ್ನು ಬಿಟ್ಟು ಕಾಲಿಗೆ ಬಡಿದು ದೂರ ಉರುಳಿತು. ಇವನು ಕುಂಟುತ್ತಲೇ ಓಡಿ ಒಂದು ರನ್ ಮಾಡಿದ. ಅಂಪೈರ್ ಮೊಣಕಾಲು ಮುಟ್ಟಿ ಲೆಗ್ ಬೈ ಅಂದರು. ಅಂದರೆ ರನ್ ತಂಡಕ್ಕೆ, ನೋವು ರಮೇಶನಿಗೆ. ಮತ್ತೆ ಆಡುವ ಸರದಿ ಬಂದಾಗ ವಿಕೆಟ್ ಹಾರಿತು. ಅವನ ಹೆಸರಿನ ಮುಂದೆ ನಾನು ಸೊನ್ನೆ ಬರೆದೆ.

ಫಜೀತಿ ಶುರುವಾದದ್ದು ಮನೆಗೆ ಬಂದ ಮೇಲೆ. ಮುಂದಿನ ಭಾನುವಾರ ರಮೇಶನಿಗೆ ಹೆಣ್ಣು ನೋಡಲು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ ಹೋಗುವುದಿತ್ತು. ಹುಡುಗಿಯ ತಂದೆ ರಿಟೈರಾದ ಮೇಷ್ಟ್ರು, ರೇಡಿಯೋ ಕಾಮೆಂಟರಿ ಮುಗಿಯದೆ ಊಟಕ್ಕೇಳದ ಪೈಕಿ. ಬರುವಾಗ ಸ್ಕೋರ್ ಪುಸ್ತಕವನ್ನೂ ತನ್ನಿ ಅಂತ ಹೇಳಿ ಕಳಿಸಿದ್ದರು. ಅದಕ್ಕೆ ಮೊದಲೇ ಒಂದೆರಡು ಸಂಬಂಧ ಕೂಡಿ ಬಾರದೆ ನಮ್ಮತ್ತೆ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದರು.

"ಭಾವ, ಆ ಲೆಗ್ ಬೈನ ನನ್ನ ಹೆಸರಿಗೆ ಹಾಕ್ಬುಡಿ," ಅಂದ ರಮೇಶ. ಒಟ್ಟು ಮೊತ್ತವೇನೂ ಬದಲಾಗುವುದಿಲ್ಲವಲ್ಲ, ಯಾರ ಗಂಟು ಹೋಗುತ್ತೆ ಅಂತ ಸರೋಜ ಒಳಗಿನಿಂದಲೇ ಒಗ್ಗರಣೆ ಹಾಕಿದಳು. ನಾನು ಸ್ಕೋರರನ ಧರ್ಮದ ಬಗ್ಗೆ ದೊಡ್ಡ ಭಾಷಣ ಮಾಡಿದೆ. ಗುಬ್ಬಿಯವರ ಪುಸ್ತಕದಲ್ಲೂ ಸೊನ್ನೆಯೇ ಇದೆ, ತಿದ್ದಿದರೆ ಸಿಕ್ಕಿಬೀಳುತ್ತೇನೆ ಅನ್ನುವುದನ್ನು ಭಾಷಣದಲ್ಲಿ ಸೇರಿಸಲಿಲ್ಲ. ಆ ವಾರವೆಲ್ಲ ನನಗೆ ಕಾಫಿ ಆರಿದ ಮೇಲೆಯೇ ಸಿಕ್ಕಿತು.

ಭಾನುವಾರ ಮೇಷ್ಟರ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಬಂತು. ಪುಸ್ತಕವನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದೆ. ಹುಡುಗಿ ವನಿತಾ ಕಾಫಿ ಕೊಟ್ಟು ಎದುರಿಗೆ ಕೂತಳು. ಪುಸ್ತಕದ ಸುದ್ದಿಯನ್ನೇ ಎತ್ತದೆ ನೇರವಾಗಿ ರಮೇಶನನ್ನು ಕೇಳಿದಳು:

"ಗುಬ್ಬಿ ಮ್ಯಾಚಲ್ಲಿ ನೀವೆಷ್ಟು ಹೊಡೆದ್ರಿ?"

ಸರೋಜಳ ಮೊಣಕೈ ನನ್ನ ಪಕ್ಕೆಗೆ ಇಳಿಯಿತು. ನಮ್ಮತ್ತೆ ಕಣ್ಣು ಮುಚ್ಚಿಕೊಂಡರು. ರಮೇಶ ಚಾಪೆಯ ಅಂಚನ್ನೇ ನೋಡುತ್ತಾ, "ಸೊನ್ನೆ ಕಣ್ರೀ. ಒಂದು ರನ್ ಓಡಿದ್ದೆ, ಆದ್ರೆ ಅದು ಕಾಲಿಗೆ ಬಡಿದಿದ್ದು," ಅಂದ.

ವನಿತಾ ನಕ್ಕಳು. "ಗೊತ್ತು. ನಮ್ಮ ಚಿಕ್ಕಪ್ಪನ ಮನೆ ಗುಬ್ಬೀಲೇ ಇರೋದು. ಅವತ್ತು ಅಪ್ಪ, ನಾನು ಇಬ್ರೂ ಮ್ಯಾಚಿಗೆ ಬಂದಿದ್ವಿ. ಕಾಲು ಈಗ ಹೆಂಗಿದೆ?"

ನಮ್ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸರೋಜ ಬಿಟ್ಟ ಉಸಿರಿಗೆ ನನ್ನ ಕಾಫಿ ಇಲ್ಲೂ ಆರಿಹೋಯಿತು. ಔಟಾಗುವವರು ಬೇಕಾದಷ್ಟು ಜನ ಸಿಗುತ್ತಾರೆ, ಆದದ್ದನ್ನು ಒಪ್ಪಿಕೊಳ್ಳುವವರು ಸಿಗುವುದು ಕಷ್ಟ ಅನ್ನುತ್ತಾ ಮೇಷ್ಟ್ರು ತಾಂಬೂಲದ ತಟ್ಟೆ ತರಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಬಾಮೈದನ ಮದುವೆಯೇ ಕೈತಪ್ಪುವ ಹಾಗಿದ್ದರೂ ಒಂದು ಮಾತು ಅಡ್ಡ ಹೇಳದೆ ಕೂತಿರಲ್ಲ, ಸ್ಕೋರರ್ ಅಂದರೆ ಹೀಗಿರಬೇಕು ಅಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ನಿಜ ಹೇಳಬೇಕೆಂದರೆ, ಹುಡುಗಿ ಕೇಳಿದ ತಕ್ಷಣ "ಒಂದು" ಅನ್ನಲು ಎಲ್ಲರಿಗಿಂತ ಮೊದಲು ಹೊರಟವನು ನಾನೇ. ಬಾಯಿತುಂಬ ಕೇಸರಿಬಾತು ಇತ್ತು, ಅಂಗುಳಿಗೆ ಅಂಟಿಕೊಂಡು ಬಿಟ್ಟಿತ್ತು. ಅದು ಗಂಟಲಿಗಿಳಿಯುವ ಹೊತ್ತಿಗೆ ರಮೇಶ ನಿಜ ಹೇಳಿ ಮುಗಿಸಿದ್ದ. ಇವತ್ತಿಗೂ ಕೊತ್ತಗೆರೆಯಲ್ಲಿ ನನಗೆ ಸತ್ಯವಂತ ಅನ್ನುವ ಹೆಸರಿದೆ. ಅವತ್ತು ಕೇಸರಿಬಾತಿಗೆ ತುಪ್ಪ ಇನ್ನೊಂದು ಚಮಚ ಹೆಚ್ಚು ಬಿದ್ದಿದ್ದರೆ ಆ ಹೆಸರೂ ಇರುತ್ತಿರಲಿಲ್ಲ, ಆ ಸಂಬಂಧವೂ ಇರುತ್ತಿರಲಿಲ್ಲ.