ಮೂರು ಇಲಾಖೆ, ಒಂದು ಕುಬಸ

ಸರ್ಕಾರದ ಮೂರು ಇಲಾಖೆಗಳು ಕೈ ಕೈ ಹಿಡಿದು ನಿಂತವೆಂದರೆ ಏನಾದರೊಂದು ನಡೆದೇ ತೀರುತ್ತದೆ. ಅದನ್ನು ತಪ್ಪಿಸುವುದು ಮನುಷ್ಯರಿಂದಾಗುವ ಕೆಲಸವಲ್ಲ. ನಾನು ಎಂಟು ವರ್ಷ ತಪ್ಪಿಸಲು ನೋಡಿ, ಕೊನೆಗೆ ಕೈಬಿಟ್ಟು ನಗುವುದನ್ನು ಕಲಿತೆ.

ತೊಂಬತ್ತರ ದಶಕದ ಕೊನೆಗೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಒಂದು ಯೋಜನೆ ಬಂತು. ಬಡ ಕುಟುಂಬ ಮೇಲೆ ಬರಬೇಕಾದರೆ ಮನೆಯವರ ಆರೋಗ್ಯ, ಮಕ್ಕಳ ಶಾಲೆ, ದೊಡ್ಡವರ ಉದ್ಯೋಗ ಮೂರೂ ಒಟ್ಟಿಗೆ ಸುಧಾರಿಸಬೇಕು, ಅದಕ್ಕೆ ಮೂರೂ ಇಲಾಖೆಗಳು ಒಂದಾಗಿ ದುಡಿಯಬೇಕು ಎಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದರು. ಯೋಚನೆ ಒಳ್ಳೆಯದೇ. ಇದನ್ನು ನಡೆಸಲು ಒಬ್ಬ ಸಂಯೋಜಕ ಬೇಕಾಗಿದ್ದ, ನಾನು ಸಿಕ್ಕಿಬಿದ್ದೆ. ಸಂಯೋಜಕನೆಂದರೆ ಮೂರೂ ಇಲಾಖೆಯವರಿಂದ ಬೈಸಿಕೊಳ್ಳುವ ಅಧಿಕಾರ ಉಳ್ಳವನು.

ನೇಕಾರರ ಓಣಿ

ಮೊದಲ ತರಬೇತಿ ರಾಮದುರ್ಗದಲ್ಲಿ. ಅಲ್ಲಿ ಮಗ್ಗಗಳು ಬಹಳ ಇವೆ ಎಂದು ಮೇಲಿನ ಕಚೇರಿಯಲ್ಲಿ ಯಾರಿಗೋ ಗೊತ್ತಾಗಿ, ರಾಮದುರ್ಗದವರಿಗೆ ನೇಯ್ಗೆ ಕಲಿಸಿರಿ ಎಂದು ಆದೇಶ ಬಂತು. ಕಲಿಸಲು ಬಂದವನು ಆಗಷ್ಟೇ ಸರ್ಟಿಫಿಕೇಟು ತೆಗೆದುಕೊಂಡ ಹುಡುಗ. ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತ ಅಜ್ಜನ ಎದುರು ನಿಂತು, “ಇದು ಮಗ್ಗ” ಎಂದು ಪಾಠ ಶುರು ಮಾಡಿದ. ಅಜ್ಜ ಪಾಪ, ಮಗ್ಗ ನಿಲ್ಲಿಸಿ ಕೈಕಟ್ಟಿ ಕೇಳಿದರು.

ಎರಡನೆಯ ದಿನ ಎಳೆಯೊಂದು ಹರಿಯಿತು. ಹುಡುಗ ಎಳೆಯನ್ನು ನೋಡಿದ, ಪುಸ್ತಕ ನೋಡಿದ, ಮತ್ತೆ ಎಳೆಯನ್ನು ನೋಡಿದ. ಅಜ್ಜ ಎರಡು ಬೆರಳಲ್ಲಿ ಗಂಟು ಹಾಕಿ, ಬೇಕಂತಲೇ ಇನ್ನೊಂದು ಎಳೆ ಹರಿದು, “ತಮ್ಮಾ, ಈಗ ನೀ ಒಮ್ಮಿ ಕಟ್ಟಿ ನೋಡು” ಎಂದರು.

ಹತ್ತು ದಿನ ಬಿಟ್ಟು ನಾನು ತಪಾಸಣೆಗೆ ಹೋದಾಗ ಕುಣಿಯಲ್ಲಿ ಹುಡುಗ ಕೂತಿದ್ದ, ಅಜ್ಜ ಪಕ್ಕದಲ್ಲಿ ನಿಂತಿದ್ದರು. ನನ್ನನ್ನು ಆಚೆ ಕರೆದು ಮೆಲ್ಲಗೆ ಹೇಳಿದರು: “ಸಾಹೇಬ್ರ, ಹುಡುಗ ಚಲೋ ಅದಾನ್ರಿ. ಇನ್ನೊಂದ ಹದಿನೈದ ದಿನ ನನ್ನ ಹಂತ್ಯಾಕ ಬಿಡ್ರಿ, ಪಾಸ್ ಮಾಡಿಸಿ ಕಳಸತೇನಿ.”

ನಾನು ಬುದ್ಧಿಯಿಲ್ಲದವನು, ಇದ್ದದ್ದನ್ನು ಇದ್ದಂತೆ ವರದಿ ಬರೆದೆ. ಮೇಲಿನಿಂದ ಕೂಡಲೇ ಉತ್ತರ ಬಂತು. ಇನ್ನು ಮುಂದೆ ಯಾರಿಗೂ ಅವರಿಗೆ ಗೊತ್ತಿರುವ ಕೆಲಸ ಕಲಿಸಕೂಡದು. ಹಾಗಾಗಿ ರಾಮದುರ್ಗದ ನೇಕಾರರಿಗೆ ಎಮ್ಮೆ ಸಾಕುವುದನ್ನೂ, ಸವದತ್ತಿಯ ಕಡೆ ಎಮ್ಮೆ ಸಾಕಿಕೊಂಡಿದ್ದ ರೈತರ ಮನೆಯವರಿಗೆ ಹೊಲಿಗೆಯನ್ನೂ ಕಲಿಸುವುದೆಂದು ಠರಾವಾಯಿತು.

ಪೇಟೆಯ ತಕ್ಕಡಿ

ಹೊಲಿಗೆಗೆ ಸೇರುವ ಕುಟುಂಬಗಳ ಆರೋಗ್ಯ ತಪಾಸಣೆ ಒಂದೇ ಸೂರಿನ ಕೆಳಗೆ ಆಗಬೇಕೆಂದು ಇನ್ನೊಂದು ಆದೇಶ. ಅಷ್ಟು ಉದ್ದದ ಸೂರು ಸಿಕ್ಕಿದ್ದು ಬೈಲಹೊಂಗಲದ ಪೇಟೆಯಲ್ಲಿ, ಹತ್ತಿ ಶೇಂಗಾ ಸವಾಲು ಕೂಗಿ ಹರಾಜು ಮಾಡುವ ಕಟ್ಟೆಯ ಮೇಲೆ.

ಈ ಕಥೆಯ ಹೆಣ್ಣುಮಗಳನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ. ಮುನವಳ್ಳಿ ಹತ್ತಿರದ ಹಳ್ಳಿಯವಳು. ಗಂಡ ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಮನೆ ಮುಖ ಕಾಣುವವನು. ದೊಡ್ಡ ಮಗಳು ಏಳನೆಯ ಇಯತ್ತೆ. ಸಣ್ಣವಳು ಮೂರು ವರ್ಷದವಳು, ಗುಂಡಗೆ ಪೇಢೆಯಂತೆ ಕಂಕುಳಲ್ಲಿ ಕೂತಿದ್ದಳು.

“ಸಾಹೇಬ್ರ, ಪರೀಕ್ಷಾ ಪಾಸಾದ್ರ ಹೊಲಿಗಿ ಮಷೀನ್ ಕೊಡತೀರಂತ. ಖರೇ ಏನ್ರಿ?”

“ಖರೇ ಐತವಾ.”

“ಹಂಗಾರ ನನ್ನ ಹೆಸರು ಬಿಡಬ್ಯಾಡ್ರಿ. ದೊಡ್ಡಾಕಿನ್ನ ಹೈಸ್ಕೂಲಿಗೆ ಹಾಕಬೇಕಂತ ನನ್ನ ಮನಸಿನ್ಯಾಗ ಐತ್ರಿ. ನಮ್ಮ ಅತ್ತಿ, ಸಾಲಿ ಸಾಕು ಅಂತಾರ. ಮಷೀನ್ ಬಂದು ಆಕಿ ಖರ್ಚು ನಾನ ತಗದ್ರ ಕಳಸತೇನಂತ ಮಾತು ಕೊಟ್ಟಾರ್ರಿ.”

ಇಷ್ಟನ್ನು ಆಕೆ ಒಂದೇ ಉಸಿರಿನಲ್ಲಿ ಹೇಳಿದಳು. ಈ ಒಬ್ಬಳಿಗಾದರೂ ಯಂತ್ರ ಕೊಡಿಸಿಯೇ ಸೈ ಎಂದು ನಾನು ಅಂದೇ ನಿಶ್ಚಯಿಸಿದೆ. ಆಮೇಲೆ ನಡೆದದ್ದೆಲ್ಲ ಈ ನಿಶ್ಚಯದ ಮೇಲೆ ಕಲ್ಲು ಹಾಕುವ ಕೆಲಸವೇ.

ಮಕ್ಕಳ ತೂಕ ನೋಡಬೇಕು. ಮಕ್ಕಳ ತಕ್ಕಡಿ ಇದ್ದ ಕಪಾಟಿನ ಕೀಲಿ ರಜೆಯ ಮೇಲಿದ್ದ ಕಂಪೌಂಡರನ ಕಿಸೆಯಲ್ಲಿತ್ತು. ಪೇಟೆಯಲ್ಲಿ ತಕ್ಕಡಿಗೆ ಬರವೇ? ಚೀಲ ತೂಗುವವನೊಬ್ಬ ಖುಷಿಯಿಂದ ಮುಂದೆ ಬಂದು, ಮಕ್ಕಳನ್ನು ಒಂದೊಂದಾಗಿ ತಕ್ಕಡಿಯ ಮೇಲೆ ಕೂರಿಸಿ, ರಾಗವಾಗಿ ತೂಕ ಕೂಗಿದ. ನರ್ಸ್ ಬಾಯಾರು ಬರೆದುಕೊಂಡರು. ಸಂಜೆಗೆ ನೋಡಿದರೆ ಬಂದ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಣಕಲು. ಪೇಢೆಯಂಥ ಹುಡುಗಿಯೂ ಪಟ್ಟಿಯಲ್ಲಿದ್ದಳು.

ನಾನು ತೂಗುವವನನ್ನು ಕರೆದು ಕೇಳಿದೆ. ಅವನು ಮುಚ್ಚುಮರೆ ಮಾಡಲಿಲ್ಲ. “ಚೀಲದ ತೂಕಂತ ಒಂದೊಂದ ಕಿಲೋ ಬಿಟ್ಟೇನ್ರಿ. ಪೇಟಿ ಪದ್ಧತಿ ಐತಲ್ರಿ.”

“ಕೂಸಿಗೆ ಚೀಲ ಎಲ್ಲೈತೋ ಮಾರಾಯಾ?”

“ಅಂಗಿ ಚಡ್ಡಿ ಹಾಕಿದ್ದೂವಲ್ರಿ.”

“ಚಡ್ಡಿ ಇಲ್ಲದ ಕೂಸುಗೋಳು?”

“ಅವಕ್ಕ ಹಸಿ ಮಾಲ್ ಅಂತ ಕಿಲೋ ಬಿಟ್ಟೇನ್ರಿ.”

ಕಿತ್ತೂರಿನ ಸಭೆ

ಪಟ್ಟಿ ಅಷ್ಟರಲ್ಲಿ ಮೇಲೆ ಹೋಗಿಬಿಟ್ಟಿತ್ತು. ಮೇಲೆ ಹೋದ ತೂಕ ಕೆಳಗೆ ಬರುವುದಿಲ್ಲ. ಇದನ್ನೆಲ್ಲ ಸರಿಪಡಿಸೋಣವೆಂದು ಮೂರೂ ಇಲಾಖೆಯ ಸಾಹೇಬರನ್ನು ಕಿತ್ತೂರಿಗೆ ಸಭೆಗೆ ಕರೆದೆ. ಆಸ್ಪತ್ರೆ, ಶಾಲೆ, ತರಬೇತಿ ಕಚೇರಿ ಮೂರೂ ಅಲ್ಲಿ ಇದ್ದವು. ಸಭೆ ಯಾವುದರಲ್ಲಿ ಎಂದು ಬರೆಯುವುದನ್ನು ಮಾತ್ರ ಮರೆತೆ.

ಮೂವರೂ ಸಜ್ಜನರು. ಇನ್ನೊಬ್ಬರನ್ನು ತನ್ನ ಬಾಗಿಲಿಗೆ ಕರೆಸಿಕೊಳ್ಳುವುದು ನಮ್ಮ ಕಡೆ ಸೊಕ್ಕು ಎನಿಸಿಕೊಳ್ಳುತ್ತದೆ. ಆದ್ದರಿಂದ ಡಾಕ್ಟರು ತಾವೇ ಶಾಲೆಗೆ ಹೋದರು. ಶಿಕ್ಷಣದ ಸಾಹೇಬರು ತರಬೇತಿ ಕಚೇರಿಗೆ ಹೋದರು. ತರಬೇತಿಯ ಸಾಹೇಬರು ಆಸ್ಪತ್ರೆಗೆ ಹೋಗಿ ರೋಗಿಗಳ ಬೆಂಚಿನ ಮೇಲೆ ಕೂತರು. ಮಧ್ಯಾಹ್ನದವರೆಗೆ ಕಾದು, ತಪ್ಪು ತಮ್ಮದೇ ಇರಬೇಕೆಂದು ಮೂವರೂ ಎದ್ದು ಒಂದೊಂದು ಕಚೇರಿ ಮುಂದಕ್ಕೆ ಹೋದರು. ನಾನು ಅವರ ಹಿಂದೆ ಬಿಸಿಲಲ್ಲಿ ಸುತ್ತಿದೆ. ಎಲ್ಲಿ ಹೋದರೂ “ಈಗ ಹ್ವಾದ್ರಲ್ರಿ” ಎಂಬ ಒಂದೇ ಉತ್ತರ.

ಮೂವರೂ ಒಟ್ಟಿಗೆ ಸಿಕ್ಕಿದ್ದು ಸಂಜೆ, ಬೈಲಹೊಂಗಲದ ಬಸ್ಸಿನಲ್ಲಿ, ಮೂವರು ಕೂರುವ ಒಂದೇ ಸೀಟಿನ ಮೇಲೆ. ಸಭೆ ಅಲ್ಲಿಯೇ ಆಯಿತು. ನಾನು ಕಂಬಿಗೆ ಆತು ನಿಂತು ನಡಾವಳಿ ಬರೆದುಕೊಂಡೆ.

“ಸಣಕಲು ಕೂಸಿನ ತಾಯಿ ಪ್ರತಿ ಸೋಮವಾರ ದವಾಖಾನಿಗೆ ಬರಬೇಕು” ಎಂದರು ಡಾಕ್ಟರು.

“ಬುಧವಾರ ಸಾಲ್ಯಾಗ ತಾಯಂದಿರ ಸಭಾ. ಬರಲಿಲ್ಲಂದ್ರ ಹುಡುಗರ ಹಾಜರಿ ಸರ್ಟಿಫಿಕೇಟ್ ಸಿಗೂದಿಲ್ಲ” ಎಂದರು ಶಿಕ್ಷಣದವರು.

“ನಮ್ದು ಸೋಮವಾರದಿಂದ ಶನಿವಾರ. ಮೂರು ದಿನ ತಪ್ಪಿದ್ರ ಹೆಸರು ಹೊಡದ ಹಾಕತೇವಿ” ಎಂದರು ತರಬೇತಿಯವರು.

“ಒಂದು ಹೆಣಮಗಳು ಒಂದ ಹೊತ್ತಿಗೆ ಎರಡ ಕಡೆ ಹೆಂಗ ಇರತಾಳ್ರಿ?” ಎಂದು ನಾನು ಕೇಳಿದೆ. ಮೂವರೂ ಟಿಕೆಟ್ಟಿಗೆ ಕಿಸೆಯಲ್ಲಿ ಚಿಲ್ಲರೆ ಹುಡುಕತೊಡಗಿದರು.

ಅಷ್ಟರಲ್ಲಿ ಕಂಡಕ್ಟರ್ ಬಂದ. “ಮೂರೂ ಮಂದಿ ಒಂದ ಊರಿಗೆ ಹೊಂಟೀರಿ. ಯಾರರ ಒಬ್ಬರು ಮೂರೂ ಟಿಕೆಟ್ ತಗೊಳ್ರಿ, ಚಿಲ್ಲರ ತ್ರಾಸ ತಪ್ಪತೈತಿ.”

ಮೂವರೂ ಆ ದಿನ ಮೊದಲ ಬಾರಿ ಒಕ್ಕೊರಲಿನಿಂದ ಮಾತಾಡಿದರು: “ಬ್ಯಾಡ. ನಮ್ಮ ಇಲಾಖಾ ಬ್ಯಾರೆ ಬ್ಯಾರೆ.”

ಹಾಜರಿ

ಸವದತ್ತಿಯ ತರಬೇತಿ ಕೇಂದ್ರಕ್ಕೆ ಮೊದಲ ಸೋಮವಾರ ನಾನು ಆಕೆಯ ಜಾಗ ಖಾಲಿ ಇರುತ್ತದೆಂದುಕೊಂಡೇ ಹೋದೆ. ಆ ಹೆಣ್ಣುಮಗಳ ಯಂತ್ರದ ಮುಂದೆ ಒಬ್ಬ ಮುದುಕಿ ಕತ್ತರಿ ಹಿಡಿದು ಕೂತಿದ್ದಳು.

“ನಾ ಆಕಿ ಅತ್ತಿ ಅದೇನ್ರಿ. ಆಕಿ ಕೂಸಿನ್ನ ಕರಕೊಂಡು ದವಾಖಾನಿಗೆ ಹೋಗ್ಯಾಳ. ಜಾಗಾ ಹೋಗಬಾರದಂತ ಬಂದು ಕುಂತೇನಿ.”

ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುತ್ತಾರಲ್ಲ, ಹಾಗೆ. ಬುಧವಾರ, ಶಾಲೆಯ ಸಭೆಯ ದಿನ, ಮುದುಕಿಗೆ ಸೊಂಟ ಹಿಡಿದು, ಟವೆಲ್ ಆಗಿ ಮಾವ ಬಂದರು. ತಲೆಗೆ ದೊಡ್ಡ ಪಟಗಾ, ಬಿಳಿ ಮೀಸೆ. ಹದಿನೆಂಟು ಹೆಂಗಸರ ನಡುವೆ ನೆಲ ನೋಡುತ್ತ ಕೂತರು.

ಹೊಲಿಗೆ ಕಲಿಸುವ ಅಕ್ಕೋರು ನನ್ನ ಮುಖ ನೋಡಿದರು. ನಾನು ರಜಿಸ್ಟರು ನೋಡಿದೆ. ನಮ್ಮ ಯೋಜನೆಯ ಕಾಗದಗಳಲ್ಲಿ ಮನುಷ್ಯರಿಗೆ ಹೆಸರಿರಲಿಲ್ಲ, ಕುಟುಂಬಕ್ಕೊಂದು ನಂಬರು ಇತ್ತು ಅಷ್ಟೆ. “ಕುಟುಂಬ ಬಂದೈತಲ್ರಿ ಅಕ್ಕೋರ, ಹಾಜರಿ ಹಾಕ್ರಿ” ಎಂದೆ.

ಸೋಮವಾರ ಅತ್ತೆ, ಬುಧವಾರ ಮಾವ ಎಂದು ಪಾಳಿ ಬಿತ್ತು, ಹಾಜರಿಯೇನೋ ಉಳಿಯಿತು. ಆದರೆ ಅಕ್ಕೋರು ಶಿಸ್ತಿನವರು. ಸೋಮವಾರ ಅಳತೆ ಮತ್ತು ಕತ್ತರಿಸುವುದು, ಬುಧವಾರ ಗುಂಡಿ ಮತ್ತು ಗುಂಡಿ ತೂತಿನ ಕಾಜಾ, ಮಿಕ್ಕ ದಿನ ಯಂತ್ರದ ಹೊಲಿಗೆ ಎಂದು ಆರು ತಿಂಗಳು ಕಟ್ಟುನಿಟ್ಟಾಗಿ ಕಲಿಸಿದರು. ಇದರ ಅರ್ಥ ನನಗೆ ಹೊಳೆದದ್ದು ಪರೀಕ್ಷೆಯ ಹಿಂದಿನ ದಿನ. ಸೊಸೆಗೆ ಹೊಲಿಯಲು ಬರುತ್ತಿತ್ತು, ಕತ್ತರಿಸಲು ಬರುತ್ತಿರಲಿಲ್ಲ. ಅತ್ತೆಗೆ ಕತ್ತರಿಸಲು ಬರುತ್ತಿತ್ತು, ಹೊಲಿಯಲು ಬರುತ್ತಿರಲಿಲ್ಲ. ಇನ್ನು ಮಾವ, ಇಷ್ಟು ವರ್ಷ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿದ ಕೈ, ಇಡೀ ವರ್ಗದಲ್ಲಿ ಅವರಷ್ಟು ಚಂದ ಕಾಜಾ ಹಾಕುವವರು ಇನ್ನೊಬ್ಬರಿರಲಿಲ್ಲ.

“ಅಕ್ಕೋರು ಹೊಗಳತಾರ್ರಿ” ಎಂದು ಅವರು ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದರು. “ಊರಾಗ ಯಾರಿಗೂ ಹೇಳಬ್ಯಾಡ್ರಿ.”

ಪರೀಕ್ಷೆ

ಪರೀಕ್ಷೆಗೆ ಜಿಲ್ಲೆಯಿಂದ ಬಂದ ಸಾಹೇಬರು ಕಾಗದದಲ್ಲಿ ಇದ್ದದ್ದನ್ನು ಬಿಟ್ಟು ಒಂದಿಂಚು ಆಚೆ ಈಚೆ ಹೋಗುವವರಲ್ಲ. ಪ್ರತಿ ಯಂತ್ರಕ್ಕೂ ಒಬ್ಬೊಬ್ಬರು ಕೂತಿದ್ದರೆ, ಒಂದು ಯಂತ್ರದ ಸುತ್ತ ಮೂವರು ನಿಂತಿದ್ದರು.

“ಇವರ್ಯಾರ್ರಿ?”

“ಅಭ್ಯರ್ಥಿ ಸರ್” ಎಂದೆ. ಸುತ್ತೋಲೆ ತೋರಿಸಿದೆ. “ತರಬೇತಿ ಪಡೆಯುವ ಘಟಕ: ಕುಟುಂಬ” ಎಂದಿತ್ತು. ಸಾಹೇಬರು ಅದನ್ನು ಎರಡು ಸಲ ಓದಿ, ಹಿಂದೆ ತಿರುಗಿಸಿ ನೋಡಿ, ಸೀಲು ನೋಡಿ, “ಹಂಗಾರ ಕುಟುಂಬ ಪೂರ್ತಿ ಹಾಜರ್ ಇರಬೇಕಿತ್ತು. ಗಂಡ ಎಲ್ಲಿ?” ಎಂದರು. ಲಾರಿಯ ಮೇಲೆ ಹೋಗಿದ್ದಾನೆ ಎಂದಾಗ ಮುಖ ಗಂಟು ಹಾಕಿ ಒಪ್ಪಿದರು. ಎರಡು ತಾಸಿನಲ್ಲಿ ಒಂದು ಕುಬಸ, ಅಂದರೆ ರವಿಕೆ, ಮುಗಿಯಬೇಕು.

ಅತ್ತೆ ಟೇಪು ಮುಟ್ಟಲಿಲ್ಲ. ಅಳತೆಗೆ ನಿಂತ ಅಕ್ಕೋರ ಬೆನ್ನ ಮೇಲೆ ಗೇಣು ಹಾಕಿ, ಬಟ್ಟೆಯ ಮೇಲೆ ಗೇಣು ಹಾಕಿ, ಕರಕರನೆ ಕತ್ತರಿಸಿ ಕೊಟ್ಟಳು. ಸೊಸೆ ಯಂತ್ರಕ್ಕೆ ಕೂತು ತುಳಿಯತೊಡಗಿದಳು. ಸುಸೂತ್ರವಾಗಿ ಸಾಗಿತ್ತು. ಆಗ, ಬೆಳಕಿಗೆಂದು ಹೊರಗೆ ಹೋಗಿದ್ದ ಮಾವ ಸೂಜಿಗೆ ದಾರ ಪೋಣಿಸಿಕೊಂಡು ಒಳಗೆ ಬಂದರು. ಸೊಸೆ ಎದ್ದು, ಸೆರಗು ಎಳೆದುಕೊಂಡು ನಿಂತಳು. ಯಂತ್ರ ನಿಂತಿತು.

“ಯಾಕಮ್ಮ, ಏನಾತು?” ಎಂದರು ಸಾಹೇಬರು.

“ಮಾವಾರು ಬಂದ್ರಲ್ರಿ.”

ಮಾವನ ಎದುರು ಸೊಸೆ ಕೂರುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಸರಿ, ಮಾವ ಗೋಡೆಗೆ ಮುಖ ಮಾಡಿ ಕೂತರು. ಸೊಸೆ ಕೂತಳು. ಒಂದು ತೋಳು ಹಚ್ಚುವಷ್ಟರಲ್ಲಿ ಮಾವನಿಗೆ ಕೆಮ್ಮು ಬಂತು. ಸೊಸೆ ಎದ್ದಳು. ಕೆಮ್ಮು ನಿಂತಿತು, ಕೂತಳು. “ಕತ್ರಿ ಎಲ್ಲೈತಿ?” ಎಂದು ಮಾವ ಹೆಂಡತಿಯ ಕಡೆ ಹೊರಳಿದರು. ಸೊಸೆ ಮತ್ತೆ ಎದ್ದಳು. ಸಾಹೇಬರು ಬೇಸತ್ತು, “ಅಜ್ಜಾರ, ನೀವು ಹೊರಗ ಕುಂಡ್ರಿ” ಎಂದರು. ಅಜ್ಜ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಕಟ್ಟೆ ಸರಿಯಾಗಿ ಕಿಟಕಿಯ ಎದುರಿಗಿತ್ತು. ಒಳಗೆ ಸೊಸೆ ನಿಂತೇ ಇದ್ದಳು.

ಗಡಿಯಾರದಲ್ಲಿ ಇನ್ನು ಅರ್ಧ ತಾಸು. ಒಂದು ತೋಳು ಬಾಕಿ, ಕಾಜಾ ಪೂರ್ತಿ ಬಾಕಿ. ಆಕೆ ನಿಂತಲ್ಲೇ ಯಂತ್ರದ ಗಾಲಿಯನ್ನು ಕೈಯಿಂದ ತಿರುಗಿಸಲು ನೋಡುತ್ತಿದ್ದಳು, ಕಣ್ಣು ತುಂಬಿ ಸೂಜಿ ಕಾಣುತ್ತಿರಲಿಲ್ಲ. ಅತ್ತೆ ಅದನ್ನು ನೋಡಿದಳು. ಕಿಟಕಿಗೆ ಹೋಗಿ ಗಂಡನಿಗೆ ಹೇಳಿದಳು: “ಕೇಳಿದ್ರಿಲ್ಲ, ಇದು ಮುಗೀಲಿಲ್ಲಂದ್ರ ನಿಮ್ಮ ಮೊಮ್ಮಗಳ ಸಾಲಿ ಇಲ್ಲಿಗೆ ಮುಗೀತು. ನಾ ಮಾತು ಕೊಟ್ಟಾಕಿ, ಮಷೀನ್ ಬರಲಾರದ ಕಳಸಾಕಿ ಅಲ್ಲ.”

ಮುದುಕರು ಕಟ್ಟೆಯಿಂದ ಎದ್ದರು. ಆಮೇಲೆ ಒಳಗೆ ಬಂದು, ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಮೊದಲ ಸಲ ಸೊಸೆಗೆ ನೇರವಾಗಿ ಮಾತಾಡಿದರು.

“ಕುಂಡ್ರವಾ. ನಾ ಇದ್ರೂ ಕುಂಡ್ರು. ಹುಡುಗಿ ಹೈಸ್ಕೂಲಿಗೆ ಹೋಗಬೇಕು.”

ಇಡೀ ಕೋಣೆಯ ಯಂತ್ರಗಳು ನಿಂತವು. ಆಕೆ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೂತಳು. ಕೂತದ್ದೇ ತಡ, ಯಂತ್ರ ಗಡಗಡ ಓಡಿತು. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ. ಕುಬಸ ಹೊತ್ತಿಗೆ ಸರಿಯಾಗಿ ಮುಗಿಯಿತು, ಸಾಹೇಬರು ಪಾಸು ಎಂದು ಬರೆದು ರುಜು ಹಾಕಿದರು.

ಮುದುಕರ ಕಾಜಾ ಮಾತ್ರ ಎಂದಿನಷ್ಟು ಚಂದ ಬಂದಿರಲಿಲ್ಲ. ಕುರ್ಚಿ ಮುಂದಿದ್ದರೂ ಅವರು ಕೊನೆಯವರೆಗೆ ನಿಂತುಕೊಂಡೇ ಹಾಕಿದ್ದರು. ಯಾಕೆ ಎಂದು ಸಾಹೇಬರು ಕೇಳಿದರು.

“ಏನ್ ಮಾಡೂದ್ರಿ, ಮನಿ ಪದ್ಧತಿ” ಎಂದರು ಅಜ್ಜ. “ಇಬ್ಬರೊಳಗ ಒಬ್ಬರು ನಿಂದ್ರಾಕ ಬೇಕಲ್ರಿ.”