ಮಿಂಚಿನ ಯಂತ್ರಕ್ಕ ಹಿತ್ತಾಳಿ ಕಾವಲು

ಗೋವಾದಾಗ ಬಾರಿನ ಬಣ್ಣದ ದೀಪದ ಬೋರ್ಡ್ ಮೊದಲ ಹೊತ್ತಿಸಿದಾವ ನಾನು. ಆ ಬಾರ್ ಕೆಡವ್ಯಾರ, ಮಾಲಕ ತೀರ್ಕೊಂಡಾನ. ಕೇಳಾಕ ಹೋಗೋರು ಹೋಗ್ರಿ. ಫೋಂಡಾದ ನನ್ನ ಮೋಟರ್ ವೈಂಡಿಂಗ್ ಅಂಗಡಿಗೆ ಹುಚ್ಚರು ತಾವಾಗೇ ಹುಡುಕ್ಕೊಂಡು ಬರ್ತಾರ. ಅದರಾಗ ಮಿಂಚಿನ ಹುಚ್ಚಿನವರದು ಬ್ಯಾರೇನ ತಳಿ.

೧. ಬರಿಗಾಲು

ಹಡಗಿನ ನೌಕರಿ ಬಿಟ್ಟು ಮನಿಯಾಗ ಕುಂತ ಒಬ್ಬ ಪಾತ್ರಾಂವ್, ಅಂದ್ರ ಇಲ್ಲಿಯ ದೊಡ್ಡ ಮನಷ್ಯಾ, ಟೆಸ್ಲಾ ಕಾಯಿಲ್ ಕಟ್ಟಿದ್ದ. ಆಳೆತ್ತರದ ತಂತಿ ಸುರುಳಿ, ತುದೀಲಿಂದ ಚರಚರ ಮಿಂಚು. ಅದಕ್ಕ ಕರೆಂಟ್ ಕೊಡಾಕ ಹಳೇ ಬಾರ್ ಬೋರ್ಡಿನ ಟ್ರಾನ್ಸ್‌ಫಾರ್ಮರ್. ಮೂರು ಸುಟ್ಕೊಂಡು ತಂದು ನನ್ನ ಮುಂದ ಇಟ್ಟ.

"ರಕ್ಷಣಿಗೆ ಏನ್ ಮಾಡಿದ್ರಿ?" ಅಂದೆ.

"ರಬ್ಬರ್ ಬೂಟು, ರಬ್ಬರ್ ಗ್ಲೌಸ್, ಕೆಳಗ ರಬ್ಬರ್ ಚಾಪಿ."

"ಅವೆಲ್ಲಾ ನಿಮಗಾತು. ಪಾಪ, ಟ್ರಾನ್ಸ್‌ಫಾರ್ಮರ್ ಬರಿಗಾಲಾಗ ನಿಂತಿತ್ತಲ್ರಿ."

೨. ಎರಡು ಬೆರಳಿನ ಸಂದು

ಕಾಯಿಲ್ ಮಿಂಚು ಹೊಡಿಯೂವಾಗ ಹಿಂದಕ್ಕೂ ಒದಿತೈತಿ. ಆ ಒದಿಕಿ ಟ್ರಾನ್ಸ್‌ಫಾರ್ಮರಿಗೆ ಬೀಳಬಾರದಂತ ಎರಡು ಹಿತ್ತಾಳಿ ಗುಂಡು ಎದುರಾಬದುರಾ ಕೂಡಿಸಿ, ಒಂದನ್ನ ಟ್ರಾನ್ಸ್‌ಫಾರ್ಮರ್ ತಂತಿಗೆ, ಇನ್ನೊಂದನ್ನ ನೆಲದ ಅರ್ಥ್ ತಂತಿಗೆ ಜೋಡಿಸಿ, ನಡುವ ಸಣ್ಣ ಸಂದು ಬಿಟ್ಟೆ. ಒದಿಕಿ ಅಲ್ಲೇ ಜಿಗಿದು ಮಣ್ಣಿಗೆ ಹೋಗಲಿ ಅಂತ. ಪಾತ್ರಾಂವನ ಗೆಳೆಯ, ಕಾಲೇಜಿನ ಪ್ರೊಫೆಸರು, ಎರಡು ಹಾಳಿ ಲೆಕ್ಕಾ ಬರದು, "ಸಂದು ಅಗಲ ಇದ್ದಷ್ಟೂ ಸುರಕ್ಷಿತ" ಅಂತ ಎರಡು ಬೆರಳಷ್ಟು ಬಿಡಿಸಿದ್ರು. ನಾಲ್ಕನೇದೂ ಸುಟ್ಟಿತು.

"ಸಾಹೇಬ್ರ, ಇಷ್ಟ ಅಗಲ ಕಾಲಿವಿ ತೋಡಿಟ್ರ ಅದು ಜಿಗಿಯೋದು ಹೆಂಗ್ರಿ?"

ಹಾಳಿ ತಿರುವಿ ತಿರುವಿ ನೋಡಿದ್ರು. "ಲೆಕ್ಕಾ ಬರೋಬ್ಬರಿ ಅದ," ಅಂದ್ರು. "ಟ್ರಾನ್ಸ್‌ಫಾರ್ಮರೇ ತಪ್ಪು ಮಾಡ್ಯದ."

೩. ಖಂಡೇಪೂಜಿ

ಉಳಿದಿದ್ದು ಐದನೇದೊಂದ. ಆ ಕಬ್ಬಿಣದ ಹಳೇ ನಮೂನಿ ಗೋವಾ ತುಂಬ ಹುಡುಕಿದ್ರೂ ಇನ್ನೊಂದಿಲ್ಲ. ಇದು ಹೋದ್ರ ಪಾತ್ರಾಂವನ ಮಿಂಚೂ ಹೋತು. ದಸರಾ ದಿನ ಕ್ಲಬ್ಬಿನ ಹಾಲ್‌ನಾಗ ಎಲ್ಲಾರ ಮುಂದ ಹಚ್ಚೂದು. ಸಂದು ನಾನ ಕೂಡಿಸಿ, "ಇದು ಸುಟ್ರ ಅಂಗಡಿಗೆ ಬೀಗಾ ಹಾಕ್ತೇನಿ," ಅಂತ ಊರೆಲ್ಲಾ ಸಾರಿದ್ದೆ.

ಹಿಂದಿನ ದಿನ ಅಂಗಡ್ಯಾಗ ಖಂಡೇಪೂಜಿ, ಅಂದ್ರ ಆಯುಧಪೂಜಿ. ಇಕ್ಕಳ, ಸುತ್ತಿಗಿ, ಟ್ರಾನ್ಸ್‌ಫಾರ್ಮರ್, ಎಲ್ಲಾದಕ್ಕೂ ನಮ್ಮಾಕಿ ಕುಂಕುಮ ಹಚ್ಚಿ ನೀರು ಚಿಮುಕಿಸಿದಳು. ಚೆಂಡು ಹೂವಿನ ಮಾಲಿ ತಗೊಂಡು ಎರಡೂ ಹಿತ್ತಾಳಿ ಗುಂಡಿಗೆ ಕೂಡಿಸಿ ಹಾಕಿದಳು. "ತಗದೀರಿ ಮತ್ತ, ಹುಷಾರ್!" ಅಂದಳು. ಕರೆಂಟಿನ ಜೋಡಿ ವಾದಾ ಮಾಡೇನಿ, ಆಕಿ ಜೋಡಿ ಇಲ್ಲ. ಮರುದಿನ ಮಾಲಿ ಸಮೇತ ಕ್ಲಬ್ಬಿಗೆ ಒಯ್ದೆ.

ಸ್ವಿಚ್ ಹಾಕಿದ್ವಿ. ಗುಂಯ್ ಅಂತು. ಕರೆಂಟೆಲ್ಲಾ ಹಸಿ ಹೂವಿನ ಗುಂಟ ನೆಲಕ್ಕ ಹೊಂಟಿತ್ತು. ಮಾಲಿ ಹೊಗಿ ಬಿಡಾಕತ್ತು, ಮಿಂಚಿನ ಸುದ್ದೀನ ಇಲ್ಲ.

"ಮಿಂಚೆಲ್ಲಿ ಉಸ್ತಾದ್?" ಅಂದ ಪಾತ್ರಾಂವ್.

"ಟ್ರಾನ್ಸ್‌ಫಾರ್ಮರ್ ಉಳೀತಿಲ್ಲೋ? ನಾ ಮಾತು ಕೊಟ್ಟಿದ್ದು ಅದಕ್ಕಷ್ಟ."

ಮುಂದಿನದನ್ನ ಮೊನ್ನೆ ಚಾದಂಗಡ್ಯಾಗ ಹೇಳಾಕತ್ತಿದ್ದೆ. "ಬರಿಗೈ ಹಾಕಿ ಮಾಲಿ ಕಿತ್ತೆ ನೋಡ್ರಿ. ಹದಿನೈದು ಸಾವಿರ ವೋಲ್ಟು ತೋಳಿನಾಗ ಕಚಗುಳಿ ಇಟ್ಟು ಇಳದು ಹೋತು. ಮಿಂಚು ಛತ್ತಿಗೆ ಬಡೀತು."

ಬಾಜೂಕ ಕುಂತಿದ್ದ ಆ ಕ್ಲಬ್ಬಿನ ವಾಚ್‌ಮನ್, ಹುಬ್ಬಳ್ಳಿ ಕಡೆಯಾವ, ಚಾದ ಬಶಿ ಕೆಳಗಿಟ್ಟ. "ಕಾಕಾ, ಕೈ ಹಾಕೂ ಮೊದಲ 'ಫ್ಯೂಸ್ ಕೀಳೋ, ಫ್ಯೂಸ್ ಕೀಳೋ' ಅಂತ ಮೂರು ಸಲ ಒದರಿದ್ರಿ. ನೀವು ಮಾಲಿ ತಗಿಯೂವಾಗ ಫ್ಯೂಸ್ ನನ್ನ ಕಿಸೇದಾಗ ಇತ್ತು."

ನಾ ಭುಜಾ ಹಾರಿಸಿದೆ. "ಇದ್ದೀತು. ಮಾಲಿ ಬಿಸಿ ಇತ್ತಿಲ್ಲೋ, ಅದನ್ನ ಹೇಳು."